ಬಿಸಿ ಹಾಲು, ತುಪ್ಪಕ್ಕೆ ಪ್ಲಾಸ್ಟಿಕ್ ಪಾತ್ರೆ ಬೇಡ

ಪಕ್ಕದ ಹೊಲಕ್ಕೆ ಸಿಂಪಡಿಸಿದ 2,4-ಡಿ ಕಳೆನಾಶಕವು ಗಾಳಿಯಲ್ಲಿ ತೂರಿಬಂದು ಹತ್ತಿಯ ಎಲೆಗಳು ಕಿರಿದಾಗಿ ಸೀಳಿದಂತಾಗುವುದನ್ನು ನೀವು ನೋಡಿರಬಹುದು. ಈ ಔಷಧಿಯು ಸಸ್ಯದ ಹಾರ್ಮೋನಿನಂತೆ ವರ್ತಿಸುವುದರಿಂದ ಅತ್ಯಲ್ಪ ಪ್ರಮಾಣವೂ ಬೆಳವಣಿಗೆಯನ್ನು ಕೆಡಿಸಬಲ್ಲದು. ಕೆಲವು ಪ್ಲಾಸ್ಟಿಕ್‌ಗಳಿಂದ ಆಹಾರಕ್ಕೆ ಇಳಿಯುವ ರಾಸಾಯನಿಕಗಳೂ ಪ್ರಾಣಿಗಳ ದೇಹದಲ್ಲಿ ಇದೇ ರೀತಿ ಹಾರ್ಮೋನುಗಳ ಕೆಲಸಕ್ಕೆ ಅಡ್ಡಬರುತ್ತವೆ.

ಈ ರಾಸಾಯನಿಕಗಳು ಯಾವುವು?

ಗಟ್ಟಿಯಾದ, ಪಾರದರ್ಶಕವಾದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ಬಿಸ್ಫಿನಾಲ್-ಎ ಎಂಬ ವಸ್ತುವಿನಿಂದ ತಯಾರಿಸುತ್ತಾರೆ. ಇದು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್‌ನಂತೆ ವರ್ತಿಸುತ್ತದೆಂದು 1936ರಲ್ಲಿಯೇ ತಿಳಿದುಬಂದಿತ್ತು. ಪಿ.ವಿ.ಸಿ.ಯನ್ನು ಮೆತ್ತಗೆ ಮಾಡಲು ಥಾಲೇಟ್‌ಗಳನ್ನು ಬೆರೆಸುತ್ತಾರೆ. ಇವು ಪ್ಲಾಸ್ಟಿಕ್ಕಿನೊಡನೆ ಭದ್ರವಾಗಿ ಕೂಡಿಕೊಂಡಿರುವುದಿಲ್ಲ. ಜಿಡ್ಡಿನ ಪದಾರ್ಥ ಸೋಕಿದರೆ ಅದರಲ್ಲಿ ಕರಗಿ ಬರುತ್ತವೆ. ಗಬ್ಬದ ಇಲಿಗಳಿಗೆ ಕೆಲವು ಥಾಲೇಟ್‌ಗಳನ್ನು ತಿನ್ನಿಸಿದಾಗ ಹೊಟ್ಟೆಯಲ್ಲಿದ್ದ ಗಂಡು ಮರಿಗಳಲ್ಲಿ ಗಂಡು ಹಾರ್ಮೋನು ಕಡಿಮೆಯಾಯಿತು.

ಪಂಜರ ತೊಳೆದಾಗ ಆದದ್ದು

1998ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಪ್ರಯೋಗಾಲಯವೊಂದರಲ್ಲಿ ಪೆಟ್ರಿಷಿಯಾ ಹಂಟ್ ಎಂಬ ವಿಜ್ಞಾನಿಯು ಸಾಕಿದ್ದ ಹೆಣ್ಣಿಲಿಗಳ ಅಂಡಾಣುಗಳಲ್ಲಿ ವರ್ಣತಂತುಗಳ ದೋಷ ಒಮ್ಮೆಲೇ ಹೆಚ್ಚಿತು. ಇಲಿಗಳ ಪಾಲಿಕಾರ್ಬೊನೇಟ್ ಪಂಜರ, ನೀರಿನ ಸೀಸೆಗಳನ್ನು ಖಾರವಾದ ಮಾರ್ಜಕದಿಂದ ತೊಳೆದದ್ದೇ ಕಾರಣವೆಂದು ಕೊನೆಗೆ ಗೊತ್ತಾಯಿತು. ಪ್ಲಾಸ್ಟಿಕ್ ಸವೆದು ಬಿಸ್ಫಿನಾಲ್-ಎ ಹೊರಬಂದಿತ್ತು. ಈ ವಿವರ 2003ರಲ್ಲಿ ಪ್ರಕಟವಾಯಿತು.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಅಷ್ಟೇ ಆಗುತ್ತದೆಂದು ಹೇಳಲಾಗದು. ಆದರೆ ಗರ್ಭದಲ್ಲಿರುವ ಕೂಸಿನ ಅಂಗಾಂಗಗಳು ಹಾರ್ಮೋನುಗಳ ಆಣತಿಯಂತೆಯೇ ರೂಪುಗೊಳ್ಳುತ್ತವೆ. ಹೀಗಾಗಿ ಬಸುರಿಯರು, ಎಳೆಯ ಮಕ್ಕಳಿರುವ ಮನೆಯಲ್ಲಿ ಎಚ್ಚರಿಕೆ ಹೆಚ್ಚು ಬೇಕು. ಯುರೋಪ್ ಒಕ್ಕೂಟವು 2011ರಲ್ಲಿ ಹಸುಗೂಸುಗಳ ಪಾಲಿಕಾರ್ಬೊನೇಟ್ ಹಾಲಿನ ಸೀಸೆಗಳಲ್ಲಿ ಬಿಸ್ಫಿನಾಲ್-ಎ ಬಳಕೆಯನ್ನು ನಿಷೇಧಿಸಿತು.

ನೀವು ಮಾಡಬೇಕಾದದ್ದು

1. ಶಾಖ, ಜಿಡ್ಡು, ಪಾತ್ರೆಯ ಸವೆತ ಈ ಮೂರರಿಂದ ರಾಸಾಯನಿಕಗಳು ಹೆಚ್ಚಾಗಿ ಇಳಿಯುತ್ತವೆ. ಕಾಯಿಸಿದ ಹಾಲು, ತುಪ್ಪ, ಎಣ್ಣೆಗಳನ್ನು ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿಡಿ. ಉಪ್ಪಿನಕಾಯಿಗೆ ಪಿಂಗಾಣಿ ಭರಣಿಯೇ ಲೇಸು.

2. ಹೊಲಕ್ಕೆ ಬಿಸಿ ಸಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬೇಡಿ. ಸ್ಟೀಲ್ ಬುತ್ತಿಡಬ್ಬಿ ಬಳಸಿ.

3. ತೋಟಕ್ಕೆ ನೀರು ಬಿಡುವ ಮೆತ್ತನೆಯ ಪಿ.ವಿ.ಸಿ. ಕೊಳವೆಯನ್ನು ಹಾಲು ಸಾಗಿಸಲು ಉಪಯೋಗಿಸಬೇಡಿ.

4. ಪಾತ್ರೆಯ ತಳದಲ್ಲಿರುವ ತ್ರಿಕೋನದ ಗುರುತನ್ನು ನೋಡಿ. 3 ಎಂದಿದ್ದರೆ ಅದು ಪಿ.ವಿ.ಸಿ.; 7 ಎಂದಿದ್ದರೆ ಪಾಲಿಕಾರ್ಬೊನೇಟ್ ಆಗಿರಬಹುದು.

5. ಗೀರುಬಿದ್ದ, ಮಬ್ಬಾದ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಆಹಾರವನ್ನಾಗಲಿ ಕುಡಿಯುವ ನೀರನ್ನಾಗಲಿ ಇಡಬೇಡಿ.

ಹನಿ ನೀರಾವರಿಗೆ, ಹೊದಿಕೆಗೆ ಪ್ಲಾಸ್ಟಿಕ್ ಉಪಯುಕ್ತವೇ ಸರಿ. ಬಿಸಿ ಪದಾರ್ಥಕ್ಕೂ ಜಿಡ್ಡಿಗೂ ಮಾತ್ರ ಅದನ್ನು ಸೋಕಿಸದಿರಿ.