ಊರವರ ಸಿನಿಮಾ, ಊರವರ ಚಿತ್ರ: ಎರಡು ಸಂಜೆಗಳ ಹಿಂದಿನ ಕೆಲಸ

ನಮ್ಮ ಸಾಗರ ಸೀಮೆಯಲ್ಲಿ ವರ್ಷಕ್ಕೊಮ್ಮೆ, ಎರಡು ಸಂಜೆ, ಸುತ್ತಲಿನ ಹುಡುಗ ಹುಡುಗಿಯರು ಮಾಡಿದ ಕಿರುಚಿತ್ರಗಳನ್ನು ತೋರಿಸುತ್ತೇವೆ. ಅದೇ ಜಾಗದಲ್ಲಿ ಇಲ್ಲಿನವರು ಬರೆದ ಚಿತ್ರಗಳ ಪ್ರದರ್ಶನವೂ ಇರುತ್ತದೆ. ಬೇರೆ ಊರಿನವರು ಬಂದು ‘ನಾವೂ ಮಾಡಬೇಕು, ಹೇಗೆ?’ ಎಂದು ಕೇಳುತ್ತಾರೆ. ಹಾಗೆ ಕೇಳುವ ಹೆಚ್ಚಿನವರಿಗೆ ಮೊದಲ ಚಿಂತೆ, ಉದ್ಘಾಟನೆಗೆ ಯಾರನ್ನು ಕರೆಯುವುದು ಎಂದು. ಅದನ್ನು ಕೊನೆಗಿಡಿ. ಮಾಡಿದವರ ಕೆಲಸ ನೆಟ್ಟಗೆ ಕಾಣಬೇಕು, ನೆಟ್ಟಗೆ ಕೇಳಬೇಕು, ಅವರದೇ ಊರಿನವರು ಕೂತು ನೋಡಬೇಕು. ಉಳಿದದ್ದೆಲ್ಲ ಇದರ ಹಿಂದೆ.

1. ದಿನ ಗೊತ್ತುಮಾಡುವ ಮೊದಲು ತೋಟ ನೋಡಿ

ಅಡಿಕೆ ಕೊಯ್ಲು ಶುರುವಾದರೆ ಸಂಜೆ ಯಾರೂ ಸಿಗುವುದಿಲ್ಲ. ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಮಳೆಗಾಲದ ಮಾತು ಬಿಡಿ. ಮಾರ್ಚ್ ಬಂತೆಂದರೆ ಪರೀಕ್ಷೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ನಮ್ಮಂಥವರು ಸುಮ್ಮನಿರುವುದೇ ಕ್ಷೇಮ. ಪಕ್ಕದೂರಿನ ಯಕ್ಷಗಾನದ ಕರಪತ್ರವನ್ನೂ ಒಮ್ಮೆ ನೋಡಿಕೊಳ್ಳಿ.

2. ಮೊದಲು ಕತ್ತಲೆ, ಆಮೇಲೆ ಪರದೆ

ಸಮುದಾಯ ಭವನಗಳನ್ನು ಕಟ್ಟಿದ್ದು ಮದುವೆಗೆ. ಸುತ್ತ ಕಿಟಕಿ, ಮೇಲೆ ಗವಾಕ್ಷಿ, ಪೂರ್ತಿ ಬೆಳಕು. ಹಗಲು ಸಿನಿಮಾ ತೋರಿಸುತ್ತೇವೆಂದು ಹೊರಟರೆ ಬಾಡಿಗೆಗೆ ಎಷ್ಟು ದೊಡ್ಡ ಪ್ರೊಜೆಕ್ಟರ್ ತಂದರೂ ಪರದೆಯ ಮೇಲೆ ಬೂದಿ ಬಣ್ಣವೇ. ಸೂರ್ಯ ಮುಳುಗಿದ ಮೇಲೆ ಶುರುಮಾಡಿ, ಇಲ್ಲವೇ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆಯಿರಿ. ಪರದೆಯ ಕೆಳಗಿನ ಅಂಚು ಮುಂದೆ ಕೂತವರ ತಲೆಗಿಂತ ಮೇಲಿರಲಿ.

ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಇಲ್ಲೊಂದು ಹಳ್ಳವಿದೆ. ಕೆಲವರು ಚಿತ್ರಮಂದಿರಕ್ಕೆಂದು 5.1 ಧ್ವನಿಯಲ್ಲಿ ಮಾಡಿದ ಫೈಲನ್ನು ಹಾಗೇ ಕಳಿಸುತ್ತಾರೆ. ಅದರಲ್ಲಿ ಸಂಭಾಷಣೆ ಇರುವುದು ಬಹುತೇಕ ನಡುವಿನ ಚಾನೆಲ್‌ನಲ್ಲಿ. ನಿಮ್ಮ ಸೌಂಡ್ ಸಿಸ್ಟಮ್‌ನವರು ಎಡ, ಬಲ ಎರಡೇ ಬಾಕ್ಸ್ ಹಚ್ಚಿದಾಗ ಮಳೆ, ಜೀರುಂಡೆ, ಸಂಗೀತ ಎಲ್ಲ ಕೇಳಿ, ಪಾತ್ರಗಳು ಮೂಕವಾಗಿಬಿಡಬಹುದು. ಸ್ಟೀರಿಯೊ ಫೈಲನ್ನೇ ಕೇಳಿ ತರಿಸಿ. ಒಂದು ವಾರ ಮೊದಲೇ ತರಿಸಿ, ಅದೇ ಲ್ಯಾಪ್‌ಟಾಪ್, ಅದೇ ಕೇಬಲ್, ಅದೇ ಬಾಕ್ಸಿನಲ್ಲಿ ಮೊದಲಿಂದ ಕೊನೆಯವರೆಗೆ ಹಾಕಿ ನೋಡಿ. ಮೊದಲ ಎರಡು ನಿಮಿಷ ನೋಡಿ ‘ಸರಿ ಇದೆ’ ಎನ್ನುವವರನ್ನು ಈ ಕೆಲಸಕ್ಕೆ ಹಚ್ಚಬೇಡಿ.

3. ಕಾಗದಪತ್ರ

1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಉತ್ಸವಗಳು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಮುಂಚಿತವಾಗಿ ಅರ್ಜಿ ಹಾಕಿ ವಿನಾಯಿತಿ ಪಡೆಯುತ್ತವೆ. ‘ನಮ್ಮ ಹುಡುಗರ ಹದಿನೈದು ನಿಮಿಷದ ಸಿನಿಮಾಕ್ಕೆ ಅದೆಲ್ಲ ಯಾಕೆ’ ಎಂದು ಉದಾಸೀನ ಮಾಡಬೇಡಿ. ಆಗದವರೊಬ್ಬರು ದೂರು ಕೊಟ್ಟರೆ ಸಂಜೆ ಮುಗಿಯಿತು. ನಿರ್ದೇಶಕರಿಂದ ಲಿಖಿತ ಒಪ್ಪಿಗೆ, ಪೊಲೀಸ್ ಠಾಣೆಯಿಂದ ಧ್ವನಿವರ್ಧಕಕ್ಕೆ ಅನುಮತಿ, ಇವೂ ಬೇಕು. ರಾತ್ರಿ 10ಕ್ಕೆ ಮೈಕ್ ಬಂದ್.

4. ಬಂದದ್ದೆಲ್ಲ ಹಾಕಬೇಡಿ

‘ಪಾಪ, ನಮ್ಮೂರ ಹುಡುಗ’ ಎಂಬ ಕನಿಕರದಿಂದ ಆಯ್ಕೆ ಮಾಡಿದರೆ ಆ ಹುಡುಗನಿಗೇ ಅವಮಾನ. ಹಳ್ಳಿಯಲ್ಲಿ ಹುಟ್ಟಿದ ಸಿನಿಮಾಕ್ಕೆ ಯಾರ ಕನಿಕರವೂ ಬೇಡವೆಂದು ಈಗ ಎಲ್ಲರಿಗೂ ಗೊತ್ತಿದೆ. ನಟನೆಯ ಗಂಧಗಾಳಿ ಇಲ್ಲದ ಮಂಡ್ಯ ಕಡೆಯ ಹಳ್ಳಿಗರನ್ನು ಹಾಕಿಕೊಂಡು ಮಾಡಿದ ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದಿತು. ನಮ್ಮ ಘಟ್ಟದ ಮೇಲಿನ ನಟೇಶ್ ಹೆಗಡೆಯವರ ‘ಪೆಡ್ರೊ’ 2021ರಲ್ಲಿ ಬುಸಾನ್‌ಗೆ ಹೋಯಿತು. ಮೈಸೂರಿನ ಚಿದಾನಂದ ನಾಯ್ಕ್ ಅಜ್ಜಿ ಮತ್ತು ಹುಂಜದ ಜನಪದ ಕತೆಯನ್ನೇ ಹಿಡಿದು ಮಾಡಿದ ಕಿರುಚಿತ್ರಕ್ಕೆ 2024ರಲ್ಲಿ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂತು.

ಹಾಗಾಗಿ ಕಟ್ಟುನಿಟ್ಟಾಗಿ ಆರಿಸಿ. ಬೇಡವಾದದ್ದನ್ನು ಬೇಡವೆಂದು ಫೋನಿನಲ್ಲಲ್ಲ, ಎದುರು ಕೂತು, ಕಾರಣ ಸಮೇತ ಹೇಳಿ. ಒಂದು ಸಂಜೆಗೆ ಒಂದೂವರೆ ಗಂಟೆಯ ಚಿತ್ರ ಸಾಕು. ಅನುಕ್ರಮದ ಮೇಲೂ ಕಣ್ಣಿರಲಿ. ನಮ್ಮ ಕಿರುಚಿತ್ರಗಳಲ್ಲಿ ಕಾಲುಭಾಗವಾದರೂ ಸಾವಿನಲ್ಲೇ ಮುಗಿಯುತ್ತವೆ (ಯಾಕೋ ದೇವರಿಗೇ ಗೊತ್ತು). ಅಂಥವು ಸಾಲಾಗಿ ಮೂರು ಬಂದರೆ ಸಭೆ ಸೂತಕದ ಮನೆಯಾಗುತ್ತದೆ.

‘ನಮ್ಮ ಜನಕ್ಕೆ ಇದೆಲ್ಲ ಅರ್ಥವಾಗುವುದಿಲ್ಲ’ ಎಂದು ಸಮಿತಿಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಅವರಿಗೆ ಹೆಗ್ಗೋಡು ತೋರಿಸಿ. ಅಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಶುರುಮಾಡಿ, ರಾಯ್, ಕುರೊಸಾವಾ ಅವರ ಸಿನಿಮಾಗಳನ್ನು ತೋಟದ ಕೆಲಸ ಮುಗಿಸಿ ಬಂದವರ ಮುಂದಿಟ್ಟರು. ಜನ ಕೂತು ನೋಡಿದರು.

5. ಗೋಡೆಗೆ ಮೊಳೆ ಹೊಡೆಯುವ ಮೊದಲು

ಸಿನಿಮಾ ಜನರನ್ನು ಕೂರಿಸಿಕೊಳ್ಳುತ್ತದೆ, ಚಿತ್ರಪಟಕ್ಕೆ ಆ ಬಲವಿಲ್ಲ. ಬೇರೆ ಕೋಣೆಯಲ್ಲಿ ಇಟ್ಟರೆ ಉದ್ಘಾಟನೆಯ ಗುಂಪು ಒಮ್ಮೆ ಸುತ್ತಿ ಬಂದು ಮುಗಿಯಿತು. ಚಹಾ ಕೊಡುವ ಜಾಗದಿಂದ ಸಭಾಂಗಣಕ್ಕೆ ಹೋಗುವ ದಾರಿಯಲ್ಲೇ ತೂಗುಹಾಕಿ. ಲೋಟ ಹಿಡಿದು ನಿಂತವರು ನೋಡದೆ ಏನು ಮಾಡುತ್ತಾರೆ? ಚಿತ್ರದ ನಡುಭಾಗ ನೆಲದಿಂದ ಐದಡಿ ಆಸುಪಾಸು ಇರಲಿ. ಟ್ಯೂಬ್‌ಲೈಟ್ ಎದುರಿಗಿದ್ದರೆ ಗಾಜಿನಲ್ಲಿ ಕಾಣುವುದು ಟ್ಯೂಬ್‌ಲೈಟ್ ಮಾತ್ರ. ಮಲೆನಾಡಿನ ಗೋಡೆ ಬೇಸಿಗೆಯಲ್ಲೂ ಥಂಡಿ ಹಿಡಿದಿರುತ್ತದೆ. ಜಲವರ್ಣವನ್ನು ಗೋಡೆಗೆ ತಾಗಿಸಬೇಡಿ, ಹಿಂದೆ ರಟ್ಟು ಕೊಡಿ.

ಇದಕ್ಕಿಂತ ದೊಡ್ಡ ಮಾತು ಹಸೆ ಚಿತ್ತಾರದ್ದು. ನಮ್ಮ ಕಡೆಯ ದೀವರ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಯ ಮೇಲೆ ಬರೆಯುವ ಕಲೆ ಇದು. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿ ನಾರು. ಕಾರ್ಯಕ್ರಮ ಮಾಡುವವರು ಇವರನ್ನು ಬಾಗಿಲ ಬಳಿ ನೆಲದ ಮೇಲೆ ಕೂರಿಸಿ ‘ಪ್ರಾತ್ಯಕ್ಷಿಕೆ’ ಎಂದು ಬೋರ್ಡ್ ಹಾಕುತ್ತಾರೆ. ಆರ್ಟ್ ಕಾಲೇಜಿನಲ್ಲಿ ಓದಿ ಬಂದವರ ಕ್ಯಾನ್ವಾಸಿಗೆ ಗೋಡೆ, ಹೆಸರು, ಬೆಲೆ ಎಲ್ಲ ಉಂಟು. ಈ ಹೆಂಗಸರ ಚಿತ್ತಾರದ ಕೆಳಗೆ ಬರೆಯುವುದು ‘ಜಾನಪದ ಕಲೆ’ ಎಂದಷ್ಟೇ. ಇದನ್ನು ಮೊದಲು ನಿಲ್ಲಿಸಿ. ಒಂದೇ ಗೋಡೆ, ಒಂದೇ ಅಳತೆಯ ಚೀಟಿ, ಬರೆದವರ ಹೆಸರು, ಊರು, ಬೆಲೆ. ಬೆಲೆಯನ್ನು ಅವರೇ ಹೇಳಲಿ.

6. ದುಡ್ಡಿನ ಮಾತನ್ನು ಮೊದಲೇ ಆಡಿ

ಶಾಮಿಯಾನದವರಿಗೆ ದುಡ್ಡು, ಮೈಕಿನವರಿಗೆ ದುಡ್ಡು, ಅಡುಗೆಯವರಿಗೆ ದುಡ್ಡು, ಕಲಾವಿದರಿಗೆ ಮಾತ್ರ ‘ವೇದಿಕೆ’. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಪ್ರತಿ ಚಿತ್ರಕ್ಕೂ ಸಣ್ಣ ಮೊತ್ತವಾದರೂ ಪ್ರದರ್ಶನ ಶುಲ್ಕ ಕೊಡಿ, ಬಸ್ ಚಾರ್ಜು ಬೇರೆ. ಚಿತ್ರಪಟ ಮಾರಾಟವಾದರೆ ಕಮಿಷನ್ ಹಿಡಿಯಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಅಷ್ಟು ಜನ ಸೇರುವುದಕ್ಕೆ ಒಂದು ಕಾರಣ, ಕೊಳ್ಳುವವರು ಬರೆದವರ ಜೊತೆ ನೇರ ಮಾತಾಡಿ ಕೊಳ್ಳಬಹುದು ಎಂಬುದು. ದುಡ್ಡು ಎಲ್ಲಿಂದ ಎನ್ನುತ್ತೀರಾ? ಫ್ಲೆಕ್ಸ್, ಶಾಲು, ಹಾರ, ನೆನಪಿನ ಕಾಣಿಕೆ ಇವಿಷ್ಟರ ಖರ್ಚನ್ನು ಒಮ್ಮೆ ಕೂಡಿಸಿ ನೋಡಿ.

7. ಉದ್ಘಾಟನೆ ಹತ್ತು ನಿಮಿಷ

ಅತಿಥಿ ಒಬ್ಬರೇ. ಅವರೂ ಕೊನೆಯವರೆಗೆ ಕೂರುವುದಾದರೆ ಮಾತ್ರ.

8. ‘ಸಂದೇಶ ಏನು?’ ಎಂಬ ಪ್ರಶ್ನೆ

ಚಿತ್ರ ಮುಗಿದು ದೀಪ ಹತ್ತಿದೊಡನೆ ಒಬ್ಬರು ಎದ್ದು ಕೇಳುವುದು ಇದನ್ನೇ. ಪಾಪದ ಹುಡುಗಿ ಮೈಕ್ ಹಿಡಿದು ಪರಿಸರ, ಸಮಾಜ ಎಂದು ಏನೋ ಒದರುತ್ತಾಳೆ. ಅವಳ ಚಿತ್ರದಲ್ಲಿ ಅದು ಇರಲೇ ಇಲ್ಲ. ಸಂವಾದ ನಡೆಸುವವರು ಚಿತ್ರವನ್ನು ಮೊದಲೇ ನೋಡಿರಬೇಕು. ಮೊದಲ ಪ್ರಶ್ನೆ ಅವರೇ ಕೇಳಲಿ, ಅದೂ ಕಣ್ಣಿಗೆ ಕಂಡದ್ದರ ಬಗ್ಗೆ: ಆ ಅಂಗಳ ಯಾರ ಮನೆಯದು, ಅಷ್ಟು ಹೊತ್ತು ಕ್ಯಾಮೆರಾ ಬಾಗಿಲಲ್ಲೇ ಯಾಕೆ ನಿಂತಿತು? ಆಮೇಲೆ ಹಿಂದಿನ ಸಾಲಿಗೆ ಮೈಕ್ ಕೊಡಿ, ಅದರಲ್ಲೂ ಹೆಂಗಸರಿಗೆ. ‘ಅಲ್ಲ ತಮಾ, ಆ ದನ ಕೊನೆಗೆ ಸಿಕ್ತೋ ಇಲ್ವೋ?’ ಎಂದು ಒಮ್ಮೆ ಒಬ್ಬ ಅಜ್ಜಿ ಕೇಳಿದ್ದಕ್ಕೆ ನಿರ್ದೇಶಕ ತಡವರಿಸಿದ. ಕತೆ ಎಲ್ಲಿ ಸಡಿಲವಾಗಿದೆ ಎಂದು ಅವನಿಗೆ ಗೊತ್ತಾದದ್ದು ಅಲ್ಲೇ. ಚೆನ್ನಾಗಿಲ್ಲ ಎನ್ನುವವರಿಗೂ ಹೇಳಲು ಬಿಡಿ. ಮಾಡಿದವರ ಅಪ್ಪ ಅಮ್ಮ ಅಲ್ಲೇ ಕೂತಿರುತ್ತಾರೆ ಎಂಬುದನ್ನು ಮಾತ್ರ ಆರಂಭದಲ್ಲೇ ನೆನಪಿಸಿ.

9. ಮಾರನೆಯ ದಿನ

ಎಲ್ಲರೂ ಸುಸ್ತಾಗಿ ಮಲಗುವ ದಿನ ಇದು, ಚಿತ್ರಪಟಗಳು ಹಾಳಾಗುವುದೂ ಆವತ್ತೇ. ಕಟ್ಟು ಹಾಕಲು ಬೇರೆಯದೇ ನಾಲ್ಕು ಜನರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ತೆಗೆದುಕೊಂಡಾಗ ಬರೆದಿಟ್ಟ ಪಟ್ಟಿಯ ಜೊತೆ ಒಂದೊಂದನ್ನೂ ತಾಳೆ ನೋಡಿ, ಮಾರಿದ್ದರ ಹಣವನ್ನು ಆವತ್ತೇ ಎಣಿಸಿ ಕೊಟ್ಟು, ಉಳಿದ ಚಿತ್ರಗಳನ್ನು ಅವರವರ ಮನೆಗೆ ಮುಟ್ಟಿಸಿ, ಸಹಿ ಹಾಕಿಸಿಕೊಂಡು ಬನ್ನಿ.