ತಾಯಿಯ ದುಡಿಮೆ ಮತ್ತು ಕೂಸಿನ ತೊಟ್ಟಿಲು

ವಿದ್ಯಾರ್ಥಿಗಳೇ, ತಾಯಿಯೊಬ್ಬಳು ನೌಕರಿಗೆ ಹೋಗುವುದೂ ಬಿಡುವುದೂ ಅವಳ ಇಚ್ಛೆ, ವಿದ್ಯೆ, ಆರೋಗ್ಯಗಳನ್ನು ಮಾತ್ರ ಅವಲಂಬಿಸಿದೆಯೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಆದರೆ ಇವೆಲ್ಲವೂ ಇದ್ದು, ಕೂಸನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ ಅವಳು ಹೊಸ್ತಿಲನ್ನು ದಾಟಲಾರಳು. ಊರಿನಲ್ಲಿ ಅಜ್ಜಿಯೋ ಅತ್ತಿಗೆಯೋ ಈ ಭಾರವನ್ನು ಹೊರುವರು. ಮುಂಬಯಿಗೆ ವಲಸೆ ಬಂದ ನಮ್ಮಂಥವರ ಅನೇಕ ಮನೆಗಳಲ್ಲಿ ಆ ಹಿರಿಯರು ಊರಿನಲ್ಲಿಯೇ ಉಳಿದಿರುತ್ತಾರೆ.

ಒಂದು ಲೆಕ್ಕವನ್ನು ಮಾಡೋಣ. ತಾಯಿಯ ತಿಂಗಳ ಸಂಬಳ 12,000 ರೂಪಾಯಿ ಎಂದು ಭಾವಿಸಿರಿ. ಪಾಳಣಾಘರಕ್ಕೆ 5,000, ಪ್ರಯಾಣಕ್ಕೆ 1,000 ಕಳೆದರೆ 6,000 ಉಳಿಯುತ್ತದೆ. ಪಾಳಣಾಘರವು ದೂರವಿದ್ದು, ಬೇಗನೆ ಮುಚ್ಚುವುದಾದರೆ ಅವಳು ಅರ್ಧ ದಿನದ ಕೆಲಸವನ್ನೇ ಹಿಡಿಯಬೇಕು. ಆಗ ಸಂಬಳ 6,000. ವೆಚ್ಚವು ಅಷ್ಟೇ ಇದ್ದರೆ ಉಳಿಯುವುದು ಸೊನ್ನೆ! ಆದುದರಿಂದ ಶಿಶುಗೃಹವು ಎಲ್ಲಿಯೋ ಇದ್ದರೆ ಸಾಲದು. ಅದು ಸಮೀಪದಲ್ಲಿರಬೇಕು, ಅಗ್ಗವಾಗಿರಬೇಕು, ಕೆಲಸದ ವೇಳೆಯುದ್ದಕ್ಕೂ ತೆರೆದಿರಬೇಕು.

ಶಾಸನಗಳೂ ಈ ಅಗತ್ಯವನ್ನು ಮನಗಂಡವು. 1948ರ ಕಾರ್ಖಾನೆ ಕಾಯಿದೆಯು 50ಕ್ಕಿಂತ ಹೆಚ್ಚು ಸ್ತ್ರೀ ಕಾರ್ಮಿಕರಿರುವಲ್ಲಿ ಶಿಶುಗೃಹವಿರಬೇಕೆಂದು ವಿಧಿಸಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ಇದರಲ್ಲಿ ಒಂದು ತೊಡಕಿತ್ತು. ಸ್ತ್ರೀಯರನ್ನು ಮಾತ್ರ ಎಣಿಸುವುದಾದರೆ, ವೆಚ್ಚವನ್ನು ತಪ್ಪಿಸಬಯಸುವ ಮಾಲೀಕನು ಮೂವತ್ತೊಂದನೆಯವಳಿಗೇ ಬಾಗಿಲು ಮುಚ್ಚಬಹುದು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು ಸ್ತ್ರೀಪುರುಷ ಭೇದವಿಲ್ಲದೆ 50 ನೌಕರರನ್ನು ಲೆಕ್ಕಕ್ಕೆ ಹಿಡಿಯಿತು. ತಾಯಿಯು ದಿನಕ್ಕೆ ನಾಲ್ಕು ಸಲ ಶಿಶುಗೃಹಕ್ಕೆ ಹೋಗಿ ಬರಲು ಅವಕಾಶವಿತ್ತಿತು.

ಆದರೆ ಕಲ್ಲುಮಣ್ಣು ಹೊರುವವರಿಗೂ ಮನೆಗೆಲಸದವರಿಗೂ ಇಂತಹ ಆಸರೆ ದೊರೆಯುವುದು ವಿರಳ. ಇದನ್ನರಿತ ಮೀರಾ ಮಹಾದೇವನ್ ಅವರು 1969ರಲ್ಲಿ ದಿಲ್ಲಿಯಲ್ಲಿ, ಕಟ್ಟಡದ ಕೆಲಸ ನಡೆಯುವ ಸ್ಥಳದಲ್ಲಿಯೇ ‘ಮೊಬೈಲ್ ಕ್ರೆಷಸ್’ ಸಂಸ್ಥೆಯ ಕಾರ್ಯವನ್ನಾರಂಭಿಸಿದರು. ತಾಯಿ ಹೋದಲ್ಲಿಗೆ ತೊಟ್ಟಿಲೂ ಹೋಯಿತು! 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆಯಿಂದ ಅಂಗನವಾಡಿಗಳು ಬಂದವು. ಅಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಪಾಠವುಂಟು, ಆಹಾರವುಂಟು. ಆದರೆ ಕೆಲವೇ ತಾಸುಗಳ ಆ ವ್ಯವಸ್ಥೆಯು ದಿನವಿಡೀ ದುಡಿಯುವ ತಾಯಿಗೆ ಸಾಲದು. ಕೈಗೂಸಿನ ತಾಯಿಯ ಪಾಡಂತೂ ಇನ್ನೂ ಕಠಿಣ. ಕರ್ನಾಟಕ ಸರಕಾರವು 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳ ಯೋಜನೆಯನ್ನು ಕೈಗೊಂಡುದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ.

ಇದಕ್ಕೂ ನಮ್ಮ ಶಾಲೆಗೂ ಏನು ಸಂಬಂಧ? ಶಿಶುಗೃಹವಿಲ್ಲದೆಡೆ ತಾಯಿಯು ದುಡಿಯಲೇಬೇಕಾದರೆ, ಕೂಸನ್ನು ಎತ್ತಿಕೊಳ್ಳುವವಳು ಅನೇಕ ವೇಳೆ ಹತ್ತು ಹನ್ನೆರಡು ವರ್ಷದ ಅಕ್ಕ. ತಾಯಿಯ ಸಂಬಳವು ಮನೆಗೆ ಬರುತ್ತದೆ. ಅಕ್ಕನ ಪಾಠವು ಹೋಗುತ್ತದೆ. ತೊಟ್ಟಿಲು ತೂಗುವ ಕೆಲಸ ಕೀಳಲ್ಲ. ಆದರೆ ಅದರ ಬೆಲೆಯನ್ನು ಒಬ್ಬ ಬಾಲಕಿಯ ವಿದ್ಯೆಯಿಂದ ತೆರುವುದು ನ್ಯಾಯವಲ್ಲ.

ನಿಮ್ಮ ಚಾಳಿನಲ್ಲಿ ಆರು ವರ್ಷದೊಳಗಿನ ಮಕ್ಕಳೆಷ್ಟು, ಅವರನ್ನು ಹಗಲಿನಲ್ಲಿ ನೋಡಿಕೊಳ್ಳುವವರಾರು, ಸಮೀಪದ ಪಾಳಣಾಘರಕ್ಕೆ ನಡೆದು ಹೋಗಲು ಎಷ್ಟು ನಿಮಿಷ ಹಿಡಿಯುತ್ತದೆ ಎಂಬುದನ್ನು ರಜೆಯಲ್ಲಿ ಬರೆದು ತನ್ನಿರಿ. ಅರ್ಥಶಾಸ್ತ್ರದ ಪಾಠವನ್ನು ನಾವು ಅಲ್ಲಿಂದಲೇ ಆರಂಭಿಸೋಣ.