ತಂತ್ರಜ್ಞಾನ ವರದಿಗಳಲ್ಲಿ ಪಕ್ಷಪಾತ: ಕ್ರಿಯಾಪದದ ನೆಲೆ

ಬೃಹತ್ ಕಂಪನಿಗಳ ಡೆವಲಪರ್ ಸಮ್ಮೇಳನಗಳ ವರದಿಗಳ ಮೇಲಿನ ಪಕ್ಷಪಾತದ ಆರೋಪವನ್ನು ಹೊಗಳಿಕೆಯ ವಿಶೇಷಣಗಳಲ್ಲಿ ಹುಡುಕುವುದು ರೂಢಿ. ಕ್ರಿಯಾಪದಗಳೂ ಇಲ್ಲಿ ಪರಿಶೀಲನಾರ್ಹ. 2024ರ ಜೂನ್ ಸಮ್ಮೇಳನದಲ್ಲಿ ಆ್ಯಪಲ್, ಬಳಕೆದಾರರ ಖಾಸಗಿ ಸಂದರ್ಭವನ್ನರಿತು ಉತ್ತರಿಸುವ ‘ಸಿರಿ’ಯನ್ನು ಮೊದಲೇ ಚಿತ್ರೀಕರಿಸಿದ ದೃಶ್ಯಗಳಲ್ಲಿ ತೋರಿಸಿತು. ಕೆಲವು ವರದಿಗಳಲ್ಲಿ ಅದು ಸಿದ್ಧ ಸೌಲಭ್ಯದಂತೆಯೇ ನಿರೂಪಿತವಾಯಿತು. 2025ರ ಮಾರ್ಚ್‌ನಲ್ಲಿ ಕಂಪನಿಯೇ ವಿಳಂಬವನ್ನು ಒಪ್ಪಿಕೊಂಡಿತು. ಅದೇ ತಿಂಗಳು, ಆ್ಯಪಲ್ ಕುರಿತು ದೀರ್ಘಕಾಲದಿಂದ ಬರೆಯುತ್ತಿರುವ ಜಾನ್ ಗ್ರೂಬರ್, ಪ್ರಾತ್ಯಕ್ಷಿಕೆಯಿಲ್ಲದ ಭರವಸೆಯನ್ನು ತಾವು ಆಗಲೇ ಶಂಕಿಸಬೇಕಿತ್ತೆಂದು ಬರೆದರು.

ಕನ್ನಡದಲ್ಲಿ ಈ ಅಪಾಯ ಇನ್ನೂ ಸೂಕ್ಷ್ಮ. ವ್ಯಾಕರಣಗಳು ‘ಉತ್ತರಿಸುತ್ತದೆ’, ‘ಉತ್ತರಿಸುವುದು’ ಎಂದು ಕಾಲಭೇದ ಮಾಡಿದರೂ, ಬಳಕೆಯಲ್ಲಿ ಮೊದಲ ರೂಪವೇ ವರ್ತಮಾನ, ಭವಿಷ್ಯತ್ತುಗಳೆರಡಕ್ಕೂ ಸಲ್ಲುತ್ತದೆ. ಭರವಸೆ ಸದ್ದಿಲ್ಲದೆ ಸಂಗತಿಯಾಗುತ್ತದೆ. ‘ಉತ್ತರಿಸಲಿದೆ ಎಂದು ಕಂಪನಿ ಹೇಳಿದೆ’ ಎಂಬ ರಚನೆ ಮಾತಿನ ಹೊಣೆಯನ್ನು ಆಡಿದವರಲ್ಲೇ ಉಳಿಸುತ್ತದೆ.